ಶಿಕ್ಷಣದ ಕಾರ್ಯಾತ್ಮಕವಾದಿ ದೃಷ್ಟಿಕೋನ

ಶಿಕ್ಷಣದ ಕಾರ್ಯಾತ್ಮಕವಾದಿ ದೃಷ್ಟಿಕೋನವು ಸಮಾಜಶಾಸ್ತ್ರದ ಒಂದು ಸೈದ್ಧಾಂತಿಕ ನಿಲುವು. ಇದರ ಪ್ರಕಾರ ಸಮಾಜವು ಪರಸ್ಪರ ಅವಲಂಬಿತ ಭಾಗಗಳ ಒಂದು ವ್ಯವಸ್ಥೆ. ಶಿಕ್ಷಣವು ಮೌಲ್ಯಗಳನ್ನು ಮುಂದಿನ ಪೀಳಿಗೆಗೆ ದಾಟಿಸಿ, ಕೌಶಲಗಳನ್ನು ಕಲಿಸಿ, ಸಾಮರ್ಥ್ಯಕ್ಕೆ ತಕ್ಕಂತೆ ವ್ಯಕ್ತಿಗಳನ್ನು ವೃತ್ತಿಗಳಿಗೆ ಹಂಚುವ ಮೂಲಕ ಆ ವ್ಯವಸ್ಥೆಯನ್ನು ಉಳಿಸುತ್ತದೆ. ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ನಿಲುವಿನ ಬಲ ಮತ್ತು ಮಿತಿ ಎರಡನ್ನೂ ಗುರುತಿಸಬಹುದು.

ಪ್ರಮುಖ ಚಿಂತಕರು

ಫ್ರಾನ್ಸಿನ ಎಮಿಲ್ ಡರ್ಖೈಮ್ (1858–1917) ಶಿಕ್ಷಣಕ್ಕೆ ಎರಡು ಕಾರ್ಯಗಳನ್ನು ಗುರುತಿಸಿದನು: ಎಲ್ಲರಲ್ಲೂ ಸಮಾನ ಮೌಲ್ಯಗಳನ್ನು ಬೆಳೆಸುವುದು ಹಾಗೂ ಶ್ರಮವಿಭಜನೆಗೆ ಬೇಕಾದ ವಿಶೇಷ ಕೌಶಲಗಳನ್ನು ನೀಡುವುದು. ಅಮೆರಿಕದ ಟಾಲ್ಕಾಟ್ ಪಾರ್ಸನ್ಸ್ 1959ರ ಲೇಖನವೊಂದರಲ್ಲಿ ಶಾಲಾ ತರಗತಿಯನ್ನು ಕುಟುಂಬ ಮತ್ತು ಸಮಾಜದ ನಡುವಿನ ಕೊಂಡಿಯಾಗಿ ವಿವರಿಸಿದನು. ಮನೆಯಲ್ಲಿ ಮಗುವಿನ ಸ್ಥಾನವು ಹುಟ್ಟಿನಿಂದ ಬಂದದ್ದು. ಶಾಲೆಯಲ್ಲಿ ಅದು ಸಾಧನೆಯಿಂದ ಗಳಿಸಿದ್ದು. ಪ್ರಮುಖ ಹುದ್ದೆಗಳಿಗೆ ಪ್ರತಿಭಾವಂತರನ್ನು ಸೆಳೆಯಲು ಅಸಮಾನ ಪ್ರತಿಫಲ ಅಗತ್ಯವೆಂದು ಕಿಂಗ್ಸ್ಲಿ ಡೇವಿಸ್ ಮತ್ತು ವಿಲ್ಬರ್ಟ್ ಮೂರ್ 1945ರಲ್ಲಿ ವಾದಿಸಿದರು.

ಬೆಂಗಳೂರಿನ ಹೊರವಲಯದಲ್ಲಿ

ಕೌಶಲ ತರಬೇತಿ: ಪೀಣ್ಯದ ಸಣ್ಣ ಹಾಗೂ ಮಧ್ಯಮ ಕೈಗಾರಿಕೆಗಳಿಗೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಮೊದಲಾದ ಕುಶಲಕರ್ಮಿಗಳು ಬೇಕು. ಇವರನ್ನು ಐಟಿಐ ಮತ್ತು ಡಿಪ್ಲೊಮಾ ಶಿಕ್ಷಣ ರೂಪಿಸುತ್ತದೆ. 1961ರ ಅಪ್ರೆಂಟಿಸ್ ಅಧಿನಿಯಮವು ಕಾರ್ಖಾನೆಯಲ್ಲೇ ತರಬೇತಿ ಪಡೆಯಲು ಅವಕಾಶ ಕಲ್ಪಿಸಿದೆ. 1999ರಲ್ಲಿ ಆರಂಭವಾದ, ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ರಾಜ್ಯ ಸರ್ಕಾರ ಮತ್ತು ಉದ್ಯಮದ ಸಹಯೋಗದ ಫಲ.

ಆಯ್ಕೆ: 1994ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯು (ಸಿಇಟಿ) ವೃತ್ತಿಶಿಕ್ಷಣದ ಸೀಟುಗಳನ್ನು ರ‍್ಯಾಂಕ್ ಮತ್ತು ಮೀಸಲಾತಿಯ ಆಧಾರದಲ್ಲಿ ಹಂಚುತ್ತದೆ. ಪಾರ್ಸನ್ಸ್ ಹೇಳಿದ ಸಾಧನೆಯ ಅಳತೆಗೆ ಇದು ಸಮೀಪದ ಉದಾಹರಣೆ.

ಏಕೀಕರಣ: ಈ ಪ್ರದೇಶಗಳಲ್ಲಿ ರಾಜ್ಯದ ಇತರ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ಕುಟುಂಬಗಳು ನೆಲೆಸಿವೆ. ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ ಕನ್ನಡ ಭಾಷಾ ಕಲಿಕಾ ಅಧಿನಿಯಮವನ್ನು (2015) ಡರ್ಖೈಮ್‌ನ ಏಕೀಕರಣ ಕಾರ್ಯದ ನೆಲೆಯಿಂದ ಅರ್ಥೈಸಬಹುದು.

ವಿಮರ್ಶೆ

ಸ್ಪರ್ಧೆಯ ಆರಂಭರೇಖೆ ಎಲ್ಲರಿಗೂ ಒಂದೇ ಎಂದು ಕಾರ್ಯಾತ್ಮಕವಾದವು ಭಾವಿಸುತ್ತದೆ ಎಂಬುದು ಮುಖ್ಯ ಆಕ್ಷೇಪ. ಬಡತನವು ಪ್ರತಿಭೆಯನ್ನು ಬೆಳಕಿಗೆ ಬಾರದಂತೆ ತಡೆಯುತ್ತದೆಂದು ಮೆಲ್ವಿನ್ ಟ್ಯೂಮಿನ್ 1953ರಲ್ಲಿ ತೋರಿಸಿದನು. ಶಾಲೆಯು ವರ್ಗ ಅಸಮಾನತೆಯನ್ನು ಪುನರುತ್ಪಾದಿಸುತ್ತದೆ ಎಂಬುದು ಸ್ಯಾಮುಯೆಲ್ ಬೌಲ್ಸ್ ಮತ್ತು ಹರ್ಬರ್ಟ್ ಗಿಂಟಿಸ್ ಅವರ 1976ರ ಕೃತಿಯ ವಾದ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕ್ಯಾರಲ್ ಉಪಾಧ್ಯ ಮತ್ತು ಎ. ಆರ್. ವಾಸವಿ 2006ರಲ್ಲಿ ಸಿದ್ಧಪಡಿಸಿದ ವರದಿಯು, ಐಟಿ ಉದ್ಯೋಗಿಗಳಲ್ಲಿ ನಗರದ ಮಧ್ಯಮವರ್ಗ ಮತ್ತು ಮೇಲ್ಜಾತಿಗಳ ಹಿನ್ನೆಲೆಯವರೇ ಹೆಚ್ಚೆಂದು ಗುರುತಿಸಿತು. ಇಂಗ್ಲಿಷ್ ಮಾಧ್ಯಮ, ಖಾಸಗಿ ಕೋಚಿಂಗ್ ಮತ್ತು ಸಂದರ್ಶನಕ್ಕೆ ಬೇಕಾದ ಮಾತಿನ ಶೈಲಿ ಕುಟುಂಬದ ಸ್ಥಿತಿಯನ್ನು ಅವಲಂಬಿಸಿವೆ. ಹೀಗಾಗಿ ಹುಟ್ಟಿನಿಂದ ಬಂದ ಅನುಕೂಲವೂ ಅಂಕಪಟ್ಟಿಯಲ್ಲಿ ಅರ್ಹತೆಯಾಗಿ ಕಾಣಿಸಿಕೊಳ್ಳಬಹುದು. ಸಾಮಾಜಿಕ ಏಕತೆಯನ್ನು ವಿವರಿಸಲು ಕಾರ್ಯಾತ್ಮಕವಾದ ಇಂದಿಗೂ ಉಪಯುಕ್ತ. ಆದರೆ ಯಾರು ಯಾವ ಕೆಲಸಕ್ಕೆ ತಲುಪುತ್ತಾರೆ ಎಂಬುದನ್ನು ಅರಿಯಲು ಜಾತಿ, ವರ್ಗ ಮತ್ತು ಭಾಷೆಗಳ ಅಧ್ಯಯನವೂ ಅಗತ್ಯ.