ಚಾಮರಾಜನಗರ ಸೀಮೆಯ ಗಿರಿಪ್ರವಾಸ

ಹಲವು ದಿನಗಳ ಗಿರಿಪ್ರವಾಸವೆಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಹಿಮಾಲಯದ ಶಿಮ್ಲಾ, ಮನಾಲಿ, ಮಸ್ಸೂರಿ ಮತ್ತು ಡಾರ್ಜಿಲಿಂಗ್. ಅಂಥದೇ ಪ್ರವಾಸವೊಂದು ಕರ್ನಾಟಕದ ದಕ್ಷಿಣದ ತುದಿಯಲ್ಲಿ, ಗುಂಡ್ಲುಪೇಟೆ ಮತ್ತು ಚಾಮರಾಜನಗರಗಳನ್ನು ನೆಲೆಯಾಗಿಸಿಕೊಂಡು ಸಾಧ್ಯವಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ, ನೀಲಗಿರಿಯ ಊಟಿ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಇವು ಈ ಸುತ್ತಿನ ಮುಖ್ಯ ತಾಣಗಳು. ಇವುಗಳಲ್ಲಿ ಊಟಿಯೊಂದೇ ನಗರ. ಉಳಿದವು ಕಾಡು ಮತ್ತು ದೇವರ ಬೆಟ್ಟಗಳು. ಈ ವ್ಯತ್ಯಾಸವನ್ನು ತಿಳಿಯದೆ ಹೊರಟವರ ವೇಳಾಪಟ್ಟಿ ಮೊದಲ ದಿನವೇ ತಪ್ಪುತ್ತದೆ.

ಗಿರಿಧಾಮ ಎಂದರೇನು

ಬಯಲುಸೀಮೆಯ ಬೇಸಿಗೆಯಿಂದ ತಪ್ಪಿಸಿಕೊಳ್ಳಲು ಎತ್ತರದ ಪ್ರದೇಶದಲ್ಲಿ ಕಟ್ಟಿಕೊಂಡ ವಸತಿಯನ್ನು ಗಿರಿಧಾಮ ಅಥವಾ ಹಿಲ್ ಸ್ಟೇಷನ್ ಎನ್ನುತ್ತಾರೆ. ಭಾರತದ ಪ್ರಸಿದ್ಧ ಗಿರಿಧಾಮಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಅಗತ್ಯಕ್ಕಾಗಿ ಬೆಳೆದವು. ಶಿಮ್ಲಾ 1864ರಲ್ಲಿ ಬ್ರಿಟಿಷ್ ಆಡಳಿತದ ಬೇಸಿಗೆಯ ರಾಜಧಾನಿಯಾಯಿತು. ಅದಕ್ಕೂ ಬಹಳ ಮೊದಲೇ, 1819ರಲ್ಲಿ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯನ್ನು ಹತ್ತಿದ್ದನು. 1822ರಲ್ಲಿ ಆತ ಊಟಿಯಲ್ಲಿ ಕಲ್ಲಿನ ಮನೆ ಕಟ್ಟಲು ತೊಡಗಿದನು.

ಗೋಪಾಲಸ್ವಾಮಿ, ಬಿಳಿಗಿರಿ ಮತ್ತು ಮಹದೇಶ್ವರ ಬೆಟ್ಟಗಳ ಕಥೆ ಬೇರೆ. ಅಲ್ಲಿಗೆ ಜನ ಹರಕೆ ಹೊತ್ತು ಹತ್ತಿದರೇ ಹೊರತು ತಂಪಿಗಾಗಿ ಹತ್ತಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಇಂದಿಗೂ ಮಾಲ್ ರಸ್ತೆಯಿಲ್ಲ, ಸರೋವರದ ದೋಣಿವಿಹಾರವಿಲ್ಲ, ಹೋಟೆಲುಗಳ ಸಾಲೂ ಇಲ್ಲ. ಪ್ರವಾಸಿಗರು ಇದನ್ನು ಕೊರತೆಯೆಂದು ಭಾವಿಸಬೇಕಿಲ್ಲ. ಈ ಬೆಟ್ಟದ ನಿಜವಾದ ಸಂಪತ್ತೇ ಇದು.

ಎತ್ತರದಲ್ಲಿ ತಂಪೇಕೆ

ಬೆಟ್ಟದ ತುದಿ ಸೂರ್ಯನಿಗೆ ಹತ್ತಿರವಾದ್ದರಿಂದ ಅಲ್ಲಿ ಬಿಸಿ ಹೆಚ್ಚಿರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ಮೊದಲು ನೆಲವನ್ನು ಕಾಯಿಸುತ್ತದೆ. ಕಾದ ನೆಲದಿಂದ ಗಾಳಿಗೆ ಶಾಖ ಸಿಗುತ್ತದೆ. ಹೀಗೆ ಬಿಸಿಯಾದ ಗಾಳಿ ಮೇಲೇರಿದಂತೆ ಅದರ ಮೇಲಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ 1000 ಮೀಟರ್ ಎತ್ತರಕ್ಕೆ ಉಷ್ಣಾಂಶ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ.

ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರ್. ಪೇಟೆಯಲ್ಲಿ 30 ಡಿಗ್ರಿ ಇದ್ದರೆ ಬೆಟ್ಟದ ಮೇಲೆ 26ರ ಆಸುಪಾಸು ಎಂದು ಅಂದಾಜಿಸಬಹುದು. ಗಾಳಿ ಮತ್ತು ಮಂಜು ಸೇರಿದರೆ ಮೈಗೆ ಚಳಿ ಇನ್ನೂ ಹೆಚ್ಚಾಗಿ ತಟ್ಟುತ್ತದೆ. ಊಟಿ ಇರುವುದು 2240 ಮೀಟರಿನಲ್ಲಿ. ಅಲ್ಲಿ ಗುಂಡ್ಲುಪೇಟೆಗಿಂತ ಸುಮಾರು 9 ಡಿಗ್ರಿ ತಂಪು. ಆ ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಊರಿನಲ್ಲಿ ಬೆಂದಷ್ಟು ಬೇಗ ಬೇಯುವುದಿಲ್ಲ.

ಶಿಮ್ಲಾದ ಎತ್ತರವೂ ಸುಮಾರು 2200 ಮೀಟರ್. ಹೀಗಿದ್ದೂ ಶಿಮ್ಲಾದಲ್ಲಿ ಹಿಮ ಬೀಳುತ್ತದೆ, ಊಟಿಯಲ್ಲಿ ಬೀಳುವುದಿಲ್ಲ. ಇದಕ್ಕೆ ಕಾರಣ ಅಕ್ಷಾಂಶ. ಶಿಮ್ಲಾ ಸುಮಾರು 31 ಡಿಗ್ರಿ ಉತ್ತರದಲ್ಲಿದೆ, ಊಟಿ ಸುಮಾರು 11 ಡಿಗ್ರಿಯಲ್ಲಿ. ಉತ್ತರಕ್ಕೆ ಹೋದಂತೆ ಚಳಿಗಾಲದ ಹಗಲು ಕಿರಿದಾಗುತ್ತದೆ, ಬಿಸಿಲು ಓರೆಯಾಗುತ್ತದೆ. ಜೊತೆಗೆ ಪಶ್ಚಿಮದಿಂದ ಬರುವ ಚಳಿಗಾಲದ ಮೋಡಗಳು ಹಿಮಾಲಯಕ್ಕೆ ತೇವ ತರುತ್ತವೆ. ಡಿಸೆಂಬರ್–ಜನವರಿಯ ಕೆಲವು ಬೆಳಗುಗಳಲ್ಲಿ ಊಟಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗುವುದುಂಟು. ಅಲ್ಲಿನ ಹಿಮ ಅಷ್ಟಕ್ಕೇ ನಿಲ್ಲುತ್ತದೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟ

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೊರಟು, ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಬೆಟ್ಟದ ದಾರಿ. ಪೇಟೆಯಿಂದ ಒಟ್ಟು ಸುಮಾರು 20 ಕಿಲೋಮೀಟರ್. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದೇ ಅತಿ ಎತ್ತರದ ಶಿಖರ. ಸ್ವಂತ ವಾಹನಗಳು ಬೆಟ್ಟದ ಬುಡದಲ್ಲೇ ನಿಲ್ಲಬೇಕು. ಅಲ್ಲಿಂದ ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು ಕರೆದೊಯ್ಯುತ್ತದೆ. ಸರದಿಯಲ್ಲಿ ನಿಲ್ಲಬೇಕಾಗುತ್ತದೆ ಎಂದು ಗೊಣಗುವವರಿದ್ದಾರೆ. ಆದರೆ ಒಂದು ಬಸ್ಸು ನಲವತ್ತು ಐವತ್ತು ಜನರನ್ನು ಒಯ್ದಾಗ ಹತ್ತಾರು ಕಾರುಗಳ ಸದ್ದು ಕಾಡಿಗೆ ತಪ್ಪುತ್ತದೆ. ಹಿಮಾಲಯದ ಅನೇಕ ಗಿರಿಧಾಮಗಳು ವಾಹನದಟ್ಟಣೆಯಲ್ಲಿ ಉಸಿರುಗಟ್ಟಿರುವ ಈ ಕಾಲದಲ್ಲಿ ಇದು ಎಲ್ಲರೂ ಅನುಸರಿಸಬೇಕಾದ ವ್ಯವಸ್ಥೆ.

ಮೇಲೆ ವೇಣುಗೋಪಾಲಸ್ವಾಮಿಯ ಗುಡಿಯಿದೆ. ಅದರ ಮೂಲವನ್ನು ಹೊಯ್ಸಳರ ಕಾಲಕ್ಕೆ, ಹದಿನಾಲ್ಕನೆಯ ಶತಮಾನದ ಆರಂಭಕ್ಕೆ ಹೇಳುತ್ತಾರೆ. ಕೊಳಲೂದುವ ಕೃಷ್ಣ, ಸುತ್ತ ಗೋವುಗಳು, ಗೋಪಾಲರು. ಗುಡಿಯ ಮುಂದಿನ ಕಟ್ಟೆಯ ಅಂಚಿಗೆ ಬಂದು ನಿಂತರೆ ಮೂರು ಬಗೆಯ ನೆಲ ಒಂದೇ ನೋಟಕ್ಕೆ ಸಿಗುತ್ತದೆ. ಕಾಲಬುಡದಿಂದ ಇಳಿಯುವ ಹುಲ್ಲುಗಾವಲು ಮೊದಲನೆಯದು. ಆ ಹುಲ್ಲಿನ ಮಡಿಕೆಗಳಲ್ಲಿ, ನೀರು ಹರಿಯುವ ಕಡೆ ಮಾತ್ರ ಒತ್ತಾಗಿ ಬೆಳೆದ ಹಸಿರು ಮರಗಳ ಶೋಲಾ ಕಾಡು ಎರಡನೆಯದು. ಅದರಾಚೆ ಚಪ್ಪಟೆಯಾಗಿ ಹರಡಿದ ಎಲೆಯುದುರುವ ಕಾಡು ಮೂರನೆಯದು. ಹುಲ್ಲು ಬೋಳು ನೆಲವಲ್ಲ. ಮಳೆನೀರನ್ನು ಹಿಡಿದು ಮಡಿಕೆಗಳಿಗೆ ಮೆಲ್ಲನೆ ಬಿಡುವುದು ಅದೇ. ಆನೆ ಮತ್ತು ಕಾಟಿಗಳು ಮೇಯಲು ಇಲ್ಲಿಗೆ ಬರುತ್ತವೆ. ಗುಡಿಯ ಹತ್ತಿರದ ಇಳಿಜಾರಿನಲ್ಲೇ ಆನೆ ಕಾಣಿಸಿಕೊಳ್ಳುವುದು ಅಪರೂಪವಲ್ಲ.

ಇಲ್ಲಿ ಮಂಜು ಮೂಡುವ ಬಗೆಯೂ ಸರಳ. ಬಯಲಿನ ಮೇಲೆ ಸಾಗಿಬಂದ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದ ಗಾಳಿ ತಣಿದು, ಅದರಲ್ಲಿನ ನೀರಾವಿ ಹನಿಗಟ್ಟುತ್ತದೆ. ಕೆಳಗಿನ ಹಂಗಳದಿಂದ ನೋಡುವವರಿಗೆ ಅದು ಶಿಖರದ ಮೇಲೆ ಕೂತ ಮೋಡ. ಗುಡಿಯ ಬಾಗಿಲಲ್ಲಿ ನಿಂತವರಿಗೆ ಅದೇ ಮಂಜು.

ಕಾಡಿನ ವೇಳಾಪಟ್ಟಿ

ಈ ಸುತ್ತಿನ ಪ್ರವಾಸದಲ್ಲಿ ಗಡಿಯಾರ ಪ್ರವಾಸಿಯ ಕೈಯಲ್ಲಿರುವುದಿಲ್ಲ. ಬಂಡೀಪುರದಲ್ಲಿ ಮೈಸೂರು ಮಹಾರಾಜರು 1931ರಲ್ಲಿ 90 ಚದರ ಕಿಲೋಮೀಟರಿನ ವನ್ಯಧಾಮವನ್ನು ಸ್ಥಾಪಿಸಿದರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. ಇಂಥ ಕಾಡನ್ನು ಸೀಳಿಕೊಂಡು ಗುಂಡ್ಲುಪೇಟೆಯಿಂದ ಎರಡು ಹೆದ್ದಾರಿಗಳು ಹೊರಡುತ್ತವೆ. ಒಂದು ಊಟಿಯ ಕಡೆಗೆ, ಇನ್ನೊಂದು ವಯನಾಡಿನ ಸುಲ್ತಾನ್ ಬತ್ತೇರಿಯ ಕಡೆಗೆ. ರಾತ್ರಿಯ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು 2009ರಲ್ಲಿ ಈ ಎರಡೂ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧಿಸಲಾಯಿತು. ಕರ್ನಾಟಕ ಹೈಕೋರ್ಟ್ 2010ರಲ್ಲಿ ಇದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ.

ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ, ವಯನಾಡು ರಸ್ತೆಯಲ್ಲಿ ಮದ್ದೂರು. ಈ ಎರಡು ಚೆಕ್‌ಪೋಸ್ಟ್‌ಗಳ ಗೇಟು ಬಿದ್ದ ಮೇಲೆ ಯಾರ ಶಿಫಾರಸೂ ನಡೆಯುವುದಿಲ್ಲ. ಬೆಳಗ್ಗೆ ಮೈಸೂರು ಬಿಟ್ಟು, ಬೆಟ್ಟ, ಸಫಾರಿ, ಊಟಿ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಟೆಂಪೊ ಟ್ರಾವೆಲರ್ ಪ್ರವಾಸಗಳು ನಡೆಯುತ್ತಲೇ ಇವೆ. ಅದರಿಂದ ಸಿಗುವುದು ಬರಿಯ ರಸ್ತೆಯ ದರ್ಶನ. ಮೊದಲ ದಿನ ಬೆಟ್ಟ ನೋಡಿ, ಬಂಡೀಪುರದ ಹತ್ತಿರ ಅಥವಾ ಗುಂಡ್ಲುಪೇಟೆಯಲ್ಲಿ ತಂಗಿ, ಮರುದಿನ ಬೆಳಗಿನ ಸಫಾರಿಯ ನಂತರ ಊಟಿಗೆ ಹೊರಡುವುದು ಸರಿಯಾದ ಕ್ರಮ. ರಸ್ತೆಬದಿಯಲ್ಲಿ ವಾಹನ ನಿಲ್ಲಿಸುವುದು, ಜಿಂಕೆ ಮಂಗಗಳಿಗೆ ತಿನಿಸು ಎಸೆಯುವುದು ಅಪರಾಧ. ತಿನಿಸಿನ ಆಸೆಗೆ ರಸ್ತೆಗೆ ಬರುವ ಅಭ್ಯಾಸವಾದ ಪ್ರಾಣಿ ಕೊನೆಗೆ ಚಕ್ರದಡಿಗೇ ಬರುತ್ತದೆ.

ನೀಲಗಿರಿಯ ಕಡೆಗೆ

ಬಂಡೀಪುರ ದಾಟಿದ ಮೇಲೆ ತಮಿಳುನಾಡಿನ ಮುದುಮಲೆ. ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಗೂಡಲೂರಿನ ಮೂಲಕ ಹೋಗುವುದು ದೂರವಾದರೂ ಹದವಾದ ಏರು. ಮಸಿನಗುಡಿ–ಕಲ್ಲಟ್ಟಿಯ ದಾರಿ ಹತ್ತಿರ, ಆದರೆ 36 ಹೇರ್‌ಪಿನ್ ತಿರುವುಗಳ ಕಡಿದಾದ ಘಾಟಿ. ಇಂಥ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಇಳಿದರೆ, ಉಜ್ಜಾಟದ ಶಾಖಕ್ಕೆ ಬ್ರೇಕಿನ ಹಿಡಿತ ಸಡಿಲವಾಗುತ್ತದೆ. ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಘಾಟಿಯ ಚಾಲಕರು ಹೇಳುವುದು ಇದಕ್ಕೇ. ಇಕ್ಕಟ್ಟಾದ ಕಡೆ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಕಾನೂನು. 2024ರ ಮೇ ತಿಂಗಳಿನಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ, ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು.

ಊಟಿಯ ಪುಟಾಣಿ ರೈಲು ಹತ್ತದೆ ಬರುವ ಮಕ್ಕಳಿಲ್ಲ. ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ಬಂದ ಈ 46 ಕಿಲೋಮೀಟರಿನ ಮಾರ್ಗಕ್ಕೆ 2005ರಲ್ಲಿ ಯುನೆಸ್ಕೊ ಮಾನ್ಯತೆ ದೊರೆಯಿತು. ಕಡಿದಾದ ಏರಿನಲ್ಲಿ ಎಂಜಿನ್ನಿನ ಹಲ್ಲುಚಕ್ರವು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹಿಡಿದು ಸಾಗುತ್ತದೆ. ಆದರೆ ಈ ಹಲ್ಲುಪಟ್ಟಿ ಇರುವುದು ಕಲ್ಲಾರ್ ಮತ್ತು ಕೂನೂರಿನ ನಡುವೆ ಮಾತ್ರ. ಕರ್ನಾಟಕದಿಂದ ಹೋದವರು ಸಾಮಾನ್ಯವಾಗಿ ಊಟಿ–ಕೂನೂರಿನ ತುಂಡು ಪ್ರಯಾಣ ಮಾಡಿ ಮರಳುವುದರಿಂದ ಈ ಮಾರ್ಗದ ಮುಖ್ಯ ವಿಶೇಷವೇ ಅವರ ಕಣ್ಣಿಗೆ ಬೀಳುವುದಿಲ್ಲ. ಒಂದು ದಿನ ಹೆಚ್ಚಿಟ್ಟುಕೊಂಡು ಮೆಟ್ಟುಪಾಳ್ಯಂನಿಂದ ಹತ್ತುವುದು ಲೇಸು. ನೀಲಗಿರಿಯ ಹಳ್ಳಿಗಳಲ್ಲಿ ಕೇಳಿಬರುವ ಬಡಗ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಕಿವಿಗೊಟ್ಟರೆ ಚಾಮರಾಜನಗರದವರಿಗೆ ಅದರ ಎಷ್ಟೋ ಮಾತು ತಿಳಿಯುತ್ತದೆ.

ಬಿಳಿಗಿರಿರಂಗನ ಬೆಟ್ಟ

ನೀಲಗಿರಿಯಿಂದ ಹಿಂದಿರುಗಿ ಚಾಮರಾಜನಗರ ತಲುಪಿದರೆ ಪೂರ್ವಕ್ಕೆ ಬಿಳಿಗಿರಿಯ ಸಾಲು ಕಾಣುತ್ತದೆ. ಮೊದಲು ಅರಿಕುಠಾರವೆನಿಸಿದ್ದ ಈ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು, ಇಲ್ಲಿ ಹುಟ್ಟಿದ ತಮ್ಮ ತಂದೆಯ ಹೆಸರನ್ನು 1818ರಲ್ಲಿ ಇಟ್ಟರು. ಬೆಟ್ಟಕ್ಕೆ ಎರಡು ದಾರಿಗಳಿವೆ. ಯಳಂದೂರು–ಗುಂಬಳ್ಳಿಯ ಮೂಲಕ ಹೋಗುವುದೊಂದು, ಕೆ. ಗುಡಿಯ ಕಾಡಿನ ಮೂಲಕ ಹೋಗುವುದು ಇನ್ನೊಂದು. ಪಶ್ಚಿಮಘಟ್ಟವನ್ನೂ ಪೂರ್ವಘಟ್ಟವನ್ನೂ ಬೆಸೆಯುವ ಸೇತುವೆಯಂತಿದೆ ಈ ಗಿರಿಶ್ರೇಣಿ. ಒಣ ಕುರುಚಲಿನಿಂದ ನಿತ್ಯಹರಿದ್ವರ್ಣದವರೆಗಿನ ಕಾಡುಗಳು ಇಲ್ಲಿ ಕೆಲವೇ ಕಿಲೋಮೀಟರುಗಳಲ್ಲಿ ಬದಲಾಗುತ್ತವೆ. ಇಲ್ಲಿನ ಎತ್ತರದ ಶಿಖರ ಕತ್ತರಿಬೆಟ್ಟ, ಸುಮಾರು 1800 ಮೀಟರ್.

ಈ ಬೆಟ್ಟವನ್ನು ಇಲ್ಲಿನ ಬುಡಕಟ್ಟಿನವರಾದ ಸೋಲಿಗರನ್ನು ಬಿಟ್ಟು ನೋಡಲಾಗದು. ಬಿಳಿಗಿರಿರಂಗನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬುದು ಅವರ ನಂಬಿಕೆ. ಆದ್ದರಿಂದ ಜಗತ್ತಿಗೆ ಸ್ವಾಮಿಯಾದ ರಂಗನಾಥ ಅವರಿಗೆ ರಂಗಭಾವ. ಕಾಡಿನೊಳಗೆ ಭಾರ್ಗವಿ ಹೊಳೆಯ ದಂಡೆಯಲ್ಲಿರುವ ದೊಡ್ಡಸಂಪಿಗೆ ಅವರು ಪೂಜಿಸುವ ಮರ. ಅದರ ಬುಡದಲ್ಲಿ ಸಾಲಾಗಿ ಕಲ್ಲುಗಳನ್ನು ನಿಲ್ಲಿಸಿದ್ದಾರೆ.

ಒಣ ಎಲೆ ಹುಲ್ಲನ್ನು ಬೇಸಿಗೆಯ ಮೊದಲಲ್ಲೇ ಮೆಲ್ಲಗೆ ಸುಡುವ ತರಗುಬೆಂಕಿ ಸೋಲಿಗರ ಹಳೆಯ ಪದ್ಧತಿ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಅದು ನಿಂತಿತು. ಲಂಟಾನದ ಪೊದೆ ಹಬ್ಬಿ ಹುಲ್ಲನ್ನು ನುಂಗಿದ್ದು ಆಮೇಲೆಯೇ ಎಂದು ಹಿರಿಯ ಸೋಲಿಗರು ಹೇಳುತ್ತಾರೆ. ಇಲ್ಲಿ ಅಧ್ಯಯನ ನಡೆಸಿದ ಪರಿಸರ ವಿಜ್ಞಾನಿಗಳೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಜೇನು, ನೆಲ್ಲಿ ಮುಂತಾದವನ್ನು ಸಂಗ್ರಹಿಸುವ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಡಾ. ಎಚ್. ಸುದರ್ಶನ್ 1981ರಲ್ಲಿ ಇಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆ ಮತ್ತು ಶಾಲೆಗಳನ್ನು ನಡೆಸುತ್ತಿದೆ. ಒಂದು ರಾತ್ರಿಯಾದರೂ ತಂಗಿದರೆ ಮಾತ್ರ ಈ ಬೆಟ್ಟದ ಪರಿಚಯವಾದೀತು.

ಮಲೆ ಮಹದೇಶ್ವರ ಬೆಟ್ಟ

ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ ಘಾಟಿ ಶುರು. ಸುತ್ತ ಎಪ್ಪತ್ತೇಳು ಮಲೆಗಳು ಎಂಬುದು ಜನಪದರ ಎಣಿಕೆ. ಎತ್ತರ ಸುಮಾರು 3000 ಅಡಿ ಮಾತ್ರ. ಆದ್ದರಿಂದ ಇಲ್ಲಿ ಊಟಿಯ ಚಳಿಯನ್ನು ನಿರೀಕ್ಷಿಸಬಾರದು. ಇಲ್ಲಿನ ಆಕರ್ಷಣೆ ಮಾದಪ್ಪನ, ಅಂದರೆ ಮಹದೇಶ್ವರನ, ಒಕ್ಕಲು. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ತಾಳಬೆಟ್ಟದಿಂದ ಬರಿಗಾಲಲ್ಲಿ ಹತ್ತುವ ಸಾವಿರಾರು ಜನರ ಉಘೇ ಉಘೇ, ಕಂಸಾಳೆಯ ತಾಳ, ದೀಪಾವಳಿಯಲ್ಲಿ ಬೇಡಗಂಪಣ ಸಮುದಾಯದ ಹೆಣ್ಣುಮಕ್ಕಳು ಹಳ್ಳದಿಂದ ನೀರು ಹೊತ್ತು ತರುವ ಹಾಲರವಿ ಉತ್ಸವ. ಬೆಟ್ಟದ ಮೇಲೆ ವಸತಿಗೃಹಗಳಿವೆ. ಜಾತ್ರೆಯ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ.

ಯಾವಾಗ ಹೋಗಬೇಕು

ಫೆಬ್ರುವರಿ–ಮಾರ್ಚ್‌ನಲ್ಲಿ ಎಲೆಯುದುರಿ ಕಾಡು ಕಂದಾಗುತ್ತದೆ. ಬೆಂಕಿಯ ಭಯವೂ ಆಗಲೇ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ವಿಶಾಲ ಪ್ರದೇಶ ಉರಿದಿತ್ತು. ಏಪ್ರಿಲ್–ಮೇ ರಜೆಯಲ್ಲಿ ಊಟಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬೆಟ್ಟಗಳು ಹಸಿರು, ಮಂಜು ದಟ್ಟ. ಗುಂಡ್ಲುಪೇಟೆಯ ಹೆದ್ದಾರಿಯ ಎರಡೂ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳುವುದೂ ಈ ತಿಂಗಳುಗಳಲ್ಲೇ. ಅಲ್ಲಿ ಫೋಟೊ ತೆಗೆಯಲು ಇಳಿಯುವವರು ಹೊಲದವರನ್ನು ಕೇಳಿ ಒಳಗೆ ಹೋಗಬೇಕು, ಬದುವಿನ ಮೇಲೆಯೇ ನಡೆಯಬೇಕು. ಕೆಲವು ರೈತರು ಇದಕ್ಕೆ ಸಣ್ಣ ಶುಲ್ಕ ಪಡೆಯುತ್ತಾರೆ. ತುಳಿದ ಗಿಡದ ಬೆಲೆ ನೋಡಿದರೆ ಅದು ನ್ಯಾಯವೇ. ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಮತ್ತೆ ಘಾಟಿಗಳನ್ನು ಜಾರುವಂತೆ ಮಾಡುತ್ತದೆ. ನವೆಂಬರ್ ಮಧ್ಯದಿಂದ ಜನವರಿಯವರೆಗೆ ಆಕಾಶ ತಿಳಿ, ರಸ್ತೆ ಒಣಗಿರುತ್ತದೆ, ನಾಲ್ಕೂ ಬೆಟ್ಟಗಳಿಗೆ ಸ್ವೆಟರ್ ಒಂದಿದ್ದರೆ ಸಾಕು.