ಶಾಲೆ ಮುಚ್ಚಿದ ದಿನಗಳು

ಪಿಡುಗುಗಳ ಚರಿತ್ರೆಯನ್ನು ಬರೆದವರು ಸತ್ತವರನ್ನು ಎಣಿಸಿದ್ದಾರೆ; ಬದುಕುಳಿದ ಹದಿಹರೆಯದವರ ಮನಸ್ಸಿನತ್ತ ಕಣ್ಣು ಹಾಯಿಸಿದವರು ವಿರಳ. 1918ರ ಇನ್‌ಫ್ಲುಯೆಂಜಾ ಜ್ವರದ ಕಾಲದಲ್ಲಿ ಅಮೆರಿಕದ ಹೆಚ್ಚಿನ ನಗರಗಳು ಶಾಲೆಗಳಿಗೆ ಬೀಗ ಹಾಕಿದವು. ಹಾಕದೆ ಉಳಿದ ಕೆಲವೇ ನಗರಗಳಲ್ಲಿ ನ್ಯೂಯಾರ್ಕ್ ಒಂದು. ಅಲ್ಲಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲೆಂಡ್ ಅವರ ವಾದ ಸರಳವಾಗಿತ್ತು: ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ವಾಸಿಸುವ ಮಕ್ಕಳಿಗೆ ವೈದ್ಯರೂ ದಾದಿಯರೂ ಬಂದು ಪರೀಕ್ಷಿಸುವ ಶಾಲೆಯೇ ಹೆಚ್ಚು ಕ್ಷೇಮ. ಇದು ದೇಹವನ್ನು ಕುರಿತ ಮಾತು. ಆದರೂ ಅದರ ನೆರಳಿನಲ್ಲಿ ಲಕ್ಷಾಂತರ ಮಕ್ಕಳಿಗೆ ಓರಗೆಯವರ ಒಡನಾಟ ಉಳಿಯಿತು.

ಶಿಕಾಗೊ ನಗರದ ಕಥೆ ಇನ್ನೂ ಸ್ವಾರಸ್ಯವಾದದ್ದು. 1918ರಲ್ಲಿ ಶಾಲೆಗಳನ್ನು ತೆರೆದೇ ಇಟ್ಟಿದ್ದ ಆ ನಗರ 1937ರ ಸೆಪ್ಟೆಂಬರಿನಲ್ಲಿ ಪೋಲಿಯೊ ಹರಡಿದಾಗ ಮಾತ್ರ ಬಾಗಿಲು ತೆರೆಯುವುದನ್ನು ಸುಮಾರು ಮೂರು ವಾರ ಮುಂದೂಡಿತು. ಮೂರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಸುಮಾರು 3,15,000 ಮಕ್ಕಳಿಗೆ ರೇಡಿಯೊ ಮೂಲಕ ಪಾಠ ಏರ್ಪಾಡಾಯಿತು. ಪತ್ರಿಕೆಗಳು ಪಾಠದ ವೇಳೆಯನ್ನೂ ಪ್ರಶ್ನೆಗಳನ್ನೂ ಅಚ್ಚುಹಾಕಿದವು. ತಂದೆತಾಯಿಗಳ ಸಂದೇಹಗಳಿಗೆ ಉಪಾಧ್ಯಾಯರು ದೂರವಾಣಿಯಲ್ಲಿ ಉತ್ತರ ಹೇಳಿದರು. ರೇಡಿಯೊ ಇಲ್ಲದ ಮನೆಗಳೂ ಇದ್ದವು, ಪಾಠದ ಓಟಕ್ಕೆ ಹಿಂದೆ ಬಿದ್ದ ಮಕ್ಕಳೂ ಇದ್ದರು. ಧ್ವನಿಗ್ರಾಹಕದ ಮುಂದೆ ಕುಳಿತು ಮಾತನಾಡುತ್ತಿರುವ ನನಗೆ ಈ ಪ್ರಸಂಗ ಹೆಮ್ಮೆಯದೇ. ಆದರೂ ಹೇಳಲೇಬೇಕು: ರೇಡಿಯೊ ಪಾಠ ಹೇಳಬಲ್ಲದು, ಪಕ್ಕದ ಬೆಂಚಿನ ಗೆಳೆಯನಾಗಲಾರದು.

ಆ ಗೆಳೆಯನ ಬೆಲೆ 2020ರಲ್ಲಿ ತಿಳಿಯಿತು. ಆ ವರ್ಷದ ಏಪ್ರಿಲಿನಲ್ಲಿ ಜಗತ್ತಿನ ಸುಮಾರು 160 ಕೋಟಿ ವಿದ್ಯಾರ್ಥಿಗಳು ಶಾಲೆಯಿಂದ ಹೊರಗಿದ್ದರೆಂದು ಯುನೆಸ್ಕೊ ಲೆಕ್ಕ ಹಾಕಿತು. ಕರ್ನಾಟಕದಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರೇ ಊರೂರಿಗೆ ಹೋದರು, ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು, ಎಸ್ಸೆಸ್ಸೆಲ್ಸಿ ಎರಡೇ ದಿನಗಳಲ್ಲಿ ಮುಗಿಯಿತು. ಓದದೆ ಪಾಸಾದರೆಂದು ಹಿರಿಯರು ಆಡಿಕೊಂಡದ್ದುಂಟು. ನನಗದು ನಿರ್ದಯ ಮಾತಾಗಿ ಕೇಳಿಸಿತು. ಹದಿನಾರರ ಹುಡುಗ ಮನೆಯವರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುವುದನ್ನು ಬಿಟ್ಟು ಸಮವಯಸ್ಕರ ಕಣ್ಣಿನಿಂದ ನೋಡಿಕೊಳ್ಳಲು ಕಲಿಯುತ್ತಾನೆ. ಜಗಳ, ಮುನಿಸು, ರಾಜಿ ಎಲ್ಲವೂ ಆ ಕಲಿಕೆಯ ಪಾಠಗಳೇ. ಆ ವಯಸ್ಸಿನಲ್ಲಿ ಅವನಿಗೆ ಸಿಕ್ಕಿದ್ದು ನಾಲ್ಕು ಗೋಡೆ, ಅಪ್ಪನ ಮೊಬೈಲು.

2024ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವರದಿ ಪ್ರಕಟಿಸಿದರು. 2018ರಲ್ಲಿ ಒಂಬತ್ತರಿಂದ ಹದಿನೇಳು ವಯಸ್ಸಿನವರ ಮಿದುಳುಗಳನ್ನು ಅವರು ಚಿತ್ರಿಸಿಕೊಂಡಿದ್ದರು. ಪಿಡುಗು ಬಂದ ಮೇಲೆ, 2021–22ರಲ್ಲಿ, ಮತ್ತೆ ಚಿತ್ರಿಸಿದರು. ಮಿದುಳಿನ ಹೊರಪದರ ಬೆಳೆಯುವ ವಯಸ್ಸಿನಲ್ಲಿ ಸಹಜವಾಗಿಯೇ ತೆಳುವಾಗುತ್ತ ಬರುತ್ತದೆ. ಈ ತೆಳುವಾಗುವಿಕೆ ಹುಡುಗರಲ್ಲಿ ಸರಾಸರಿ 1.4 ವರ್ಷದಷ್ಟು ಮುಂದೋಡಿತ್ತು, ಹುಡುಗಿಯರಲ್ಲಿ 4.2 ವರ್ಷದಷ್ಟು. ಹುಡುಗಿಯರು ಮನಸ್ಸಿನ ಭಾರವನ್ನು ಗೆಳತಿಯರೊಡನೆ ಮಾತಾಡಿ ಇಳಿಸಿಕೊಳ್ಳುವವರು, ಆ ದಾರಿ ಮುಚ್ಚಿದ್ದೇ ಇದಕ್ಕೆ ಕಾರಣವಿರಬಹುದೆಂಬುದು ಸಂಶೋಧಕರ ಊಹೆ. ಇದನ್ನು ಬುದ್ಧಿ ಕುಂದಿತೆಂದು ಅರ್ಥಮಾಡಬಾರದು. ಅಳೆದದ್ದು ಪದರದ ದಪ್ಪವನ್ನು, ಅದೂ ಒಂದು ಸಣ್ಣ ಗುಂಪಿನಲ್ಲಿ. ಆ ಪದರ ಮುಂದೆ ತನ್ನ ಸಹಜ ನಡಿಗೆಗೆ ಮರಳುತ್ತದೆಯೋ ಇಲ್ಲವೋ ಎಂಬುದು ಅದೇ ಮಕ್ಕಳನ್ನು ದೊಡ್ಡವರಾದ ಮೇಲೆ ಮತ್ತೆ ಅಳೆದಾಗಲೇ ಗೊತ್ತಾಗಬೇಕು.