ಉಗುರಿನ ಬಣ್ಣದ ಶೀಷೆ ಹಿಡಿಯುವ ಕೈ

ಬಾದಾಮಿ ಸಮೀಪದ ಬನಶಂಕರಿ ಜಾತ್ರೆಗೆ ಹೋದವರು ಬಳೆ ಅಂಗಡಿಗಳ ಸಾಲನ್ನು ದಾಟದೆ ಹಿಂದಿರುಗುವುದು ಕಷ್ಟ. ತೂಗುಬಿಟ್ಟ ಬಳೆಗಳ ಕೆಳಗೆ, ಟಿಕಳಿ, ಕಾಡಿಗೆ, ರಿಬ್ಬನ್ನುಗಳ ನಡುವೆ ಉಗುರಿನ ಬಣ್ಣದ ಪುಟ್ಟ ಶೀಷೆಗಳು ಸಾಲಾಗಿ ನಿಂತಿರುತ್ತವೆ. ಹೆಬ್ಬೆರಳಿನ ಗಾತ್ರದ ಈ ಶೀಷೆಯನ್ನು ಹಿಡಿಯುವುದೂ ಒಂದು ವಿದ್ಯೆ ಎಂದರೆ ಯಾರಾದರೂ ನಕ್ಕಾರು.

ಮನೆಯಲ್ಲಿ ತನ್ನ ಉಗುರಿಗೆ ತಾನೇ ಬಣ್ಣ ಹಚ್ಚಿಕೊಳ್ಳುವವಳಿಗೆ ಇದು ವಿದ್ಯೆಯಲ್ಲ, ನಿಜ. ಶೀಷೆಯನ್ನು ಮುಂದಿಟ್ಟುಕೊಂಡು ಹಚ್ಚಿದರಾಯಿತು. ಆದರೆ ಬ್ಯೂಟಿ ಪಾರ್ಲರಿನಲ್ಲಿ ಇನ್ನೊಬ್ಬರ ಉಗುರಿಗೆ ಬಣ್ಣ ಹಚ್ಚುವವಳ ಪಾಡು ಬೇರೆ. ಅವಳು ಹಿಡಿಯಬೇಕಾದ ವಸ್ತುಗಳು ಮೂರು: ಗಿರಾಕಿಯ ಬೆರಳು, ಕುಂಚ, ಶೀಷೆ. ಇರುವ ಕೈ ಎರಡು. ಈ ಲೆಕ್ಕವನ್ನು ಅವಳು ಬಿಡಿಸಿದ ಬಗೆ ತಿಳಿಯಬೇಕಾದರೆ ಉಗುರಿನ ಬಣ್ಣದ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಕಲ್ಲಿನಲ್ಲಿ ಉಳಿಯದ ಬಣ್ಣ

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಅದೇ ಗುಹೆಯ ಕಂಬಗಳ ಮೇಲೆ ಕೆತ್ತಿರುವ ದಂಪತಿಗಳ ಶಿಲ್ಪಗಳಲ್ಲಿ ಮುಡಿಯ ವಿನ್ಯಾಸ, ಕೈಬಳೆ, ಕೊರಳ ಸರ ಎಲ್ಲವನ್ನೂ ಗುರುತಿಸಬಹುದು. ಉಗುರಿಗೆ ಬಣ್ಣವಿತ್ತೇ ಎಂದು ಮಾತ್ರ ಕಲ್ಲು ಹೇಳದು. ಅದಕ್ಕೆ ಗ್ರಂಥಗಳ ಮೊರೆ ಹೋಗಬೇಕು. ಹಲ್ಲು, ಬಟ್ಟೆ, ಮೈಗೆ ಬಣ್ಣ ಕಟ್ಟುವುದನ್ನು ವಾತ್ಸ್ಯಾಯನನ ಕಾಮಸೂತ್ರ 64 ಕಲೆಗಳಲ್ಲಿ ಒಂದಾಗಿ ಎಣಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126-1138) ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಇಪ್ಪತ್ತು ಭೋಗಗಳನ್ನು ವಿವರಿಸುವಾಗ ಕಾಲು ತಿಕ್ಕಿಸಿಕೊಳ್ಳುವ ಪಾದಾಭ್ಯಂಗವನ್ನೂ ಸೇರಿಸಿದ್ದಾನೆ. ಕೈಕಾಲುಗಳ ಆರೈಕೆಗೆ ಇನ್ನೊಬ್ಬರ ಕೈ ಬೇಕೆಂಬ ಕಲ್ಪನೆ ನಮ್ಮಲ್ಲಿ ಹೊಸತಲ್ಲ. ಆದರೆ ಅಂದು ಅದು ಅರಮನೆಯ ಸುಖ.

ಸಾಮಾನ್ಯರ ಮನೆಯ ಉಗುರಿನ ಬಣ್ಣವೆಂದರೆ ಮದರಂಗಿ. ಎಲೆಯನ್ನು ನುಣ್ಣಗೆ ಅರೆದು ಬಟ್ಟಲಿಗೆ ತುಂಬಿ, ಬೆರಳ ತುದಿಗೆ ಟೊಪ್ಪಿಗೆ ತೊಡಿಸಿದಂತೆ ಮೆತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಉಗುರು ಕೆಂಪಾಗಿರುತ್ತಿತ್ತು. ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಉಗುರಿನ ಕೆರಾಟಿನ್ ಎಂಬ ಪ್ರೋಟೀನಿನೊಂದಿಗೆ ಬೆರೆತುಹೋಗುತ್ತದೆ. ಆದ್ದರಿಂದ ಅದು ತೊಳೆದರೆ ಹೋಗದು, ಉಗುರು ಬೆಳೆದು ಕತ್ತರಿಸಿದಂತೆ ಮಾತ್ರ ಹೋಗುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಮದರಂಗಿಗೆ ಅವಸರವಿಲ್ಲ. ಬಟ್ಟಲು ನೆಲದ ಮೇಲಿದ್ದರೂ ನಡೆಯುತ್ತದೆ, ಹಚ್ಚುವವಳು ನಡುವೆ ಎದ್ದು ಹೋಗಿ ಬಂದರೂ ನಡೆಯುತ್ತದೆ.

ಹೆಣ್ಣುಮಕ್ಕಳ ಕೈಹಿಡಿದು ಮಾಡುವ ಕಸುಬು ನಮ್ಮ ಹಳ್ಳಿಗಳಲ್ಲಿ ಇನ್ನೊಂದಿತ್ತು. ಅದು ಬಳೆಗಾರನದು. ‘ತಂಗೆವ್ವಾ’ ಎಂದು ಕರೆಯುತ್ತ ಮನೆಯ ಕಟ್ಟೆಗೆ ಬರುತ್ತಿದ್ದ ಆತ, ಒಂದು ಕೈಯಿಂದ ಹೆಬ್ಬೆರಳಿನ ಬುಡವನ್ನು ಒತ್ತಿ ಇನ್ನೊಂದು ಕೈಯಿಂದ ಬಳೆ ಏರಿಸುತ್ತಿದ್ದ. ಗಾಜು ಒಡೆಯಬಾರದು, ಕೈಗೆ ನೋವಾಗಬಾರದು. ಅವನ ಗೌರವವೆಲ್ಲ ಆ ಹಿಡಿತದಲ್ಲಿತ್ತು.

ಸಿಡಿಮದ್ದಿನ ನೆಂಟ

ಇಂದಿನ ಉಗುರಿನ ಬಣ್ಣದ ಮೂಲ ಮಾತ್ರ ತೀರ ಬೇರೆ. ಅದರ ಮುಖ್ಯ ದ್ರವ್ಯ ನೈಟ್ರೋಸೆಲ್ಯುಲೋಸ್. ಹತ್ತಿಯಂಥ ನಾರನ್ನು ಆಮ್ಲಗಳಲ್ಲಿ ಸಂಸ್ಕರಿಸಿ ಪಡೆಯುವ ಇದೇ ವಸ್ತು ಮೊದಲು ಸಿಡಿಮದ್ದಾಗಿ ಹೆಸರಾಯಿತು. ಜರ್ಮನ್-ಸ್ವಿಸ್ ರಸಾಯನಶಾಸ್ತ್ರಜ್ಞ ಶೋನ್‌ಬೈನ್ 1846ರಲ್ಲಿ ಅದನ್ನು ಲೋಕಕ್ಕೆ ಪ್ರಕಟಿಸಿದ. ಮೊದಲ ಮಹಾಯುದ್ಧದ ಬಳಿಕ, 1920ರ ದಶಕದಲ್ಲಿ, ಬೇಗ ಒಣಗುವ ಮೋಟಾರು ಕಾರಿನ ಬಣ್ಣಕ್ಕೆ ಅದು ಬಳಕೆಗೆ ಬಂತು. ಉಗುರಿನ ಬಣ್ಣವೂ ಅದೇ ದಾರಿ ಹಿಡಿಯಿತು. ಅಮೆರಿಕದ ಕ್ಯೂಟೆಕ್ಸ್ ಕಂಪನಿಯ ದ್ರವರೂಪದ ಪಾಲಿಶ್ 1917ರ ಸುಮಾರಿಗೆ ಬಂದಿತ್ತು. ಕೇರಳದಲ್ಲಿ ಇಂದಿಗೂ ಉಗುರಿನ ಬಣ್ಣವನ್ನೇ ‘ಕ್ಯೂಟೆಕ್ಸ್’ ಎನ್ನುವವರಿದ್ದಾರೆ. 1932ರಲ್ಲಿ ಆರಂಭವಾದ ರೆವ್ಲಾನ್, ಉಗುರನ್ನು ಪೂರ್ತಿ ಮುಚ್ಚುವ ಗಾಢ ಬಣ್ಣವನ್ನು ತಂದು, ಮೊದಲು ಮಾರಿದ್ದು ಪಾರ್ಲರುಗಳಿಗೇ. ಭಾರತದಲ್ಲಿ 1952ರಲ್ಲಿ ಟಾಟಾ ಸಮೂಹ ಲ್ಯಾಕ್ಮೆಯನ್ನು ಆರಂಭಿಸಿತು. ಆ ಹೆಸರು ‘ಲಕ್ಷ್ಮಿ’ಯ ಫ್ರೆಂಚ್ ರೂಪ. ಪೇಟೆಯ ಬಣ್ಣ ಕ್ರಮೇಣ ಜಾತ್ರೆಯ ಅಂಗಡಿಯವರೆಗೂ ಬಂತು.

ಈ ಬಣ್ಣ ಒಣಗುವುದು ಅದರಲ್ಲಿರುವ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳು ಗಾಳಿಗೆ ಹಾರಿಹೋಗುವುದರಿಂದ. ಅವು ಹಾರಿಹೋದ ಮೇಲೆ ಉಗುರಿನ ಮೇಲೆ ತೆಳು ಪದರವೊಂದು ಉಳಿಯುತ್ತದೆ. ಮುಚ್ಚಳ ತೆರೆದ ಕ್ಷಣದಿಂದ ಶೀಷೆಯೊಳಗೂ ಇದೇ ಕ್ರಿಯೆ ನಡೆಯುತ್ತದೆ. ಮದರಂಗಿ ರಾತ್ರಿಯಿಡೀ ಕಾಯುತ್ತದೆ, ಇದು ಕ್ಷಣವೂ ಕಾಯದು. ಶೀಷೆ ಹಿಡಿಯುವ ವಿದ್ಯೆ ಹುಟ್ಟಿದ್ದು ಈ ಅವಸರದಿಂದ.

ಎರಡು ಕೈ, ಮೂರು ವಸ್ತು

ಕ್ರಮಬದ್ಧವಾಗಿ ಹಚ್ಚುವಾಗ ಅಡಿಪದರ ಒಂದು, ಬಣ್ಣ ಎರಡು, ಮೇಲಿನ ಹೊಳಪು ಒಂದು, ಹೀಗೆ ನಾಲ್ಕು ಪದರ. ಹತ್ತು ಉಗುರಿಗೆ ನಾಲ್ಕರಂತೆ ಕುಂಚ ಕನಿಷ್ಠ 40 ಬಾರಿ ಶೀಷೆಗೆ ಇಳಿಯಬೇಕು. ನಡುವಿಗೊಂದು, ಅಕ್ಕಪಕ್ಕಕ್ಕೊಂದೊಂದು, ಹೀಗೆ ಉಗುರಿಗೆ ಮೂರು ಗೆರೆ ಎಂದರೂ 120 ಗೆರೆಗಳಾದವು. ಶೀಷೆ ಮೇಜಿನ ಮೇಲಿದ್ದರೆ ಬಣ್ಣ ತುಂಬಿದ ಕುಂಚ 40 ಬಾರಿ ಗಿರಾಕಿಯ ಕೈಯ ಮೇಲಿಂದ ಹಾಯಬೇಕು. ಒಮ್ಮೆ ಮೊಣಕೈ ತಗುಲಿದರೆ ಶೀಷೆಯೇ ಉರುಳುತ್ತದೆ.

ಪರಿಣತರು ಕಂಡುಕೊಂಡ ಉಪಾಯ ಸರಳ. ಬಲಗೈಯಲ್ಲಿ ಕುಂಚ ಹಿಡಿಯುವವಳು ಶೀಷೆಯನ್ನು ಎಡ ಅಂಗೈಯಲ್ಲಿಟ್ಟು ಉಂಗುರ ಬೆರಳು, ಕಿರುಬೆರಳುಗಳಿಂದ ಅಪ್ಪಿ ಹಿಡಿಯುತ್ತಾಳೆ. ಉಳಿದ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ಗಿರಾಕಿಯ ಬೆರಳನ್ನು ಹಿಡಿದು, ಉಗುರಿನ ಅಂಚಿನ ಚರ್ಮವನ್ನು ನಯವಾಗಿ ಪಕ್ಕಕ್ಕೆ ಸರಿಸುತ್ತಾಳೆ. ಶೀಷೆಯ ಬಾಯಿ ಕುಂಚದ ಕಡೆಗೆ ತುಸು ವಾಲಿರುತ್ತದೆ. ಹೀಗಾಗಿ ಕುಂಚ ಓಡಾಡುವ ದೂರ ಕೆಲವೇ ಅಂಗುಲ. ಅಂಗೈಯ ಬಿಸಿಗೆ ಬಣ್ಣ ಗಟ್ಟಿಯಾಗದೆ ಹರಿಯುತ್ತದೆ ಎಂಬ ಲಾಭವೂ ಇದೆ.

ಹಚ್ಚುವ ಮೊದಲು ಶೀಷೆಯನ್ನು ಕುಲುಕಬಾರದು, ಎರಡು ಅಂಗೈಗಳ ನಡುವೆ ಹೊರಳಿಸಬೇಕು. ಕುಲುಕಿದರೆ ಗಾಳಿಗುಳ್ಳೆಗಳೆದ್ದು ಉಗುರಿನ ಮೇಲೆ ಚುಕ್ಕಿಗಳಾಗಿ ಕಾಣುತ್ತವೆ. ಕುಂಚದ ಒಂದು ಮಗ್ಗುಲನ್ನು ಶೀಷೆಯ ಕೊರಳಿಗೆ ಒರೆಸಿ, ಇನ್ನೊಂದು ಮಗ್ಗುಲಲ್ಲಿ ಮಾತ್ರ ಒಂದು ಹನಿ ಉಳಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಕೊರಳನ್ನು ಒರೆಸದಿದ್ದರೆ ಮುಚ್ಚಳ ಅಂಟಿಕೊಳ್ಳುತ್ತದೆ. ಗಟ್ಟಿಯಾದ ಬಣ್ಣಕ್ಕೆ ಅದರದೇ ತಿನ್ನರ್ ಬೆರೆಸಬೇಕೇ ಹೊರತು ಬಣ್ಣ ತೆಗೆಯುವ ಅಸಿಟೋನ್ ಸುರಿಯಬಾರದು, ಪದರದ ಬಿಗಿ ಕೆಡುತ್ತದೆ.

ಒಂದು ಹನಿಯ ಬೆಲೆ

ಬಾಗಲಕೋಟೆಯ ನವನಗರವಿರಲಿ, ಹುನಗುಂದ, ಇಳಕಲ್ಲಿನ ಪೇಟೆಯಿರಲಿ, ಮದುವೆಯ ಹಂಗಾಮೆಂದರೆ ಏಪ್ರಿಲ್, ಮೇ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಣ್ಣ ಎಂದಿಗಿಂತ ಬೇಗ ಆರುತ್ತದೆ. ಎದುರಿಗೆ ಕೂತವಳು ಉಟ್ಟಿರುವುದು ಇಳಕಲ್ ಸೀರೆ. ಅದರ ಕೆಂಪು ಟೋಪ ತೆನಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ‘ಕೊಂಡಿ’ ಹಾಕಿ ಜೋಡಿಸುವುದು ನೇಕಾರರ ವಿಶೇಷ ಕೌಶಲ. ಕೈಮಗ್ಗದಲ್ಲಿ ದಿನಗಟ್ಟಲೆ ಕೂತು ನೆಯ್ದ ಆ ಸೀರೆಯ ಮೇಲೆ ಬಣ್ಣದ ಒಂದು ಹನಿ ಬಿದ್ದರೆ ನೀರಿಗೆ ಹೋಗದು. ಅಸಿಟೋನ್ ಹಚ್ಚಿ ತಿಕ್ಕಿದರೆ ಕಲೆ ಹರಡಬಹುದು, ಸೀರೆಯ ಬಣ್ಣವೂ ಕೆಡಬಹುದು. ಇನ್ನೊಬ್ಬರ ಕೈಕೆಲಸವನ್ನು ಕಾಯುವ ಹೊಣೆ ಆ ಕಿರುಬೆರಳಿನ ಮೇಲಿರುತ್ತದೆ.

ಹಚ್ಚುವವಳ ಆರೋಗ್ಯದ ಮಾತೂ ಇದೆ. ಫ್ಯಾನಿನ ಗಾಳಿ ನೇರ ಬಿದ್ದರೆ ಬಣ್ಣ ಗೆರೆಗೆರೆಯಾಗಿ ಆರುತ್ತದೆಂದು ಅದನ್ನು ನಿಲ್ಲಿಸುವುದುಂಟು. ಕಿಟಕಿಯೂ ಇಲ್ಲದ ಸಣ್ಣ ಕೋಣೆಯಾದರೆ ದ್ರಾವಕದ ಹೊಗೆಯೆಲ್ಲ ಅವಳ ಉಸಿರಿಗೇ ಸೇರುತ್ತದೆ. ಗಿರಾಕಿ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾಳೆ, ಇವಳು ದಿನವಿಡೀ ಅಲ್ಲೇ. ಟಾಲ್ಯೂಯಿನ್, ಫಾರ್ಮಾಲ್ಡಿಹೈಡ್, ಡೈಬ್ಯುಟೈಲ್ ಥ್ಯಾಲೇಟ್‌ಗಳನ್ನು ಹಲವು ಕಂಪನಿಗಳು 2000ರ ದಶಕದಿಂದೀಚೆಗೆ ಕೈಬಿಟ್ಟಿವೆಯಾದರೂ ದ್ರಾವಕವಿಲ್ಲದೆ ಈ ಬಣ್ಣವಿಲ್ಲ. ಗಾಳಿ ಆಡುವ ಕೋಣೆ, ಬಳಸದಾಗ ಮುಚ್ಚಿದ ಶೀಷೆ, ದೀಪ-ಬೆಂಕಿಯಿಂದ ದೂರ: ಇಷ್ಟಾದರೂ ಅವಳಿಗೆ ಸಲ್ಲಬೇಕು.

ಬಳೆಗಾರನ ಹಿಡಿತಕ್ಕೆ ನಮ್ಮ ಜನಪದ ಹಾಡು ಕಟ್ಟಿ ಗೌರವಿಸಿತು. ಶೀಷೆಯನ್ನು ಎರಡು ಬೆರಳಲ್ಲಿ, ಗಿರಾಕಿಯ ಕೈಯನ್ನು ಮೂರು ಬೆರಳಲ್ಲಿ ಹಿಡಿಯುವ ಈ ಹೆಣ್ಣುಮಗಳ ವಿದ್ಯೆ ಒಬ್ಬಳಿಂದ ಇನ್ನೊಬ್ಬಳಿಗೆ ನೋಡಿ ಕಲಿತೇ ಸಾಗುತ್ತಿದೆ. ಮುಂದಿನ ಸಲ ಅವಳ ಮುಂದೆ ಕೈ ಚಾಚಿದಾಗ, ಉಗುರಿನ ಬಣ್ಣದ ಜೊತೆಗೆ ಅವಳ ಎಡಗೈಯನ್ನೂ ಒಮ್ಮೆ ಗಮನಿಸಿ.